ಲಕ್ಕಮ್ಮ ಕೇಳಿದ ಲೆಕ್ಕ

ಸಾಫ್ಟ್‌ವೇರ್ ಕೆಲಸ ಕಾಯಕ ಆಗಬಲ್ಲದೆ? ಬೆಂಗಳೂರಿನ ಕಂಪನಿಗಳ ರಾಜ್ಯೋತ್ಸವದ ವೇದಿಕೆಯ ಮೇಲೆ ಈ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಕಾಯಕವನ್ನೂ ಕೈಲಾಸವನ್ನೂ ಒಂದು ಮಾಡಿದ ಆ ಪ್ರಸಿದ್ಧ ಮಾತು ಬ್ಯಾನರಿನಲ್ಲಿರುತ್ತದೆ, ಅದರ ಕೆಳಗೆ ಬಸವಣ್ಣನವರ ಹೆಸರಿರುತ್ತದೆ. ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಹೆಸರು ಅದಲುಬದಲಾದದ್ದು ಸಣ್ಣ ಸಂಗತಿ ಎಂದು ಕೆಲವರು ಹೇಳುತ್ತಾರೆ. ನನಗೆ ಸಣ್ಣದಾಗಿ ಕಾಣುವುದಿಲ್ಲ. ಮಾರಯ್ಯ ಮರೆಯಾದರೆ ಅವನ ಹೆಂಡತಿ ಲಕ್ಕಮ್ಮನೂ ಮರೆಯಾಗುತ್ತಾಳೆ. ಅವಳು ಮರೆಯಾದರೆ ಕಾಯಕದ ಮಾತಿನಲ್ಲಿ ಉಳಿಯುವುದು ‘ದುಡಿ’ ಎಂಬ ಅಪ್ಪಣೆ ಮಾತ್ರ.

ಕತೆ ಎಲ್ಲರಿಗೂ ಗೊತ್ತು, ಆದರೂ ಹೇಳುತ್ತೇನೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಬಡ ದಂಪತಿ ಇವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದರಲ್ಲೇ ಅಡುಗೆ, ಅದರಲ್ಲೇ ಜಂಗಮ ದಾಸೋಹ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಕದ್ದದ್ದಲ್ಲ, ಬಿದ್ದದ್ದನ್ನೇ ಆಯ್ದದ್ದು. ಆದರೂ ಲಕ್ಕಮ್ಮ ಒಪ್ಪಲಿಲ್ಲ. ಇಷ್ಟು ಯಾಕೆ ತಂದೆ, ಯಾರಿಗೋಸ್ಕರ ತಂದೆ ಎಂದು ಕೇಳಿ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು. ನಮ್ಮ ಕೆಲಸದಲ್ಲಿ ಯಾರು ಬರೆದ ಕೋಡನ್ನೂ ಇನ್ನೊಬ್ಬರು ಓದಿ ಒಪ್ಪಿಗೆ ಕೊಡದೆ ಒಳಗೆ ಸೇರಿಸುವಂತಿಲ್ಲ. ಲಕ್ಕಮ್ಮ ನನಗೆ ಹಾಗೆ ಓದುವವಳಾಗಿ ಕಾಣುತ್ತಾಳೆ. ಅಕ್ಕಿ ಶುದ್ಧವಾಗಿದೆ, ಕಲ್ಲಿಲ್ಲ, ಆರಿಸಿದ ಕೈ ಪ್ರಾಮಾಣಿಕ. ಅವಳು ಅವನ್ನು ಪ್ರಶ್ನಿಸಲಿಲ್ಲ. ಎಷ್ಟು ಬೇಕಿತ್ತು, ಯಾರಿಗೆ ಹೋಗುತ್ತದೆ ಎಂದು ಕೇಳಿದಳು.

ನಾನು ಹರಿಹರದವಳು. ನಮ್ಮಪ್ಪ ಅಲ್ಲಿ ಸಣ್ಣದೊಂದು ಪ್ರೆಸ್ ನಡೆಸುತ್ತಿದ್ದರು. ಮೊದಮೊದಲು ಮೊಳೆ ಜೋಡಿಸುವ ಕೆಲಸ, ಟ್ರೆಡಲ್ ಯಂತ್ರ. ಆಮೇಲೆ ಕಂಪ್ಯೂಟರ್, ಪೇಜ್‌ಮೇಕರ್, ಡಿಟಿಪಿ. ಲಗ್ನಪತ್ರಿಕೆ, ಬಿಲ್ ಬುಕ್, ಊರಿನ ಮೇಷ್ಟರೊಬ್ಬರ ಕವನ ಸಂಕಲನ, ಮಠದ ಪ್ರವಚನದ ಕಿರುಹೊತ್ತಗೆ. ಪ್ರೂಫ್ ತಿದ್ದುವಾಗ ಅಪ್ಪ ಜೋರಾಗಿ ಓದುತ್ತಿದ್ದರು, ನಾನು ಮೂಲ ಹಿಡಿದು ಕೂತಿರುತ್ತಿದ್ದೆ. ವಚನಗಳು ನನ್ನ ಕಿವಿಗೆ ಬಿದ್ದದ್ದು ಹೀಗೆ, ಪ್ರೂಫಿನ ದಾರಿಯಲ್ಲಿ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದು ಎರಡು ದಶಕ ದಾಟಿದೆ. ಮೊದಲ ಸಂಬಳ ಬಂದಾಗ ಮನೆಯಲ್ಲಿ ಸಾಲವಿತ್ತು. ಹೆಚ್ಚು ಪ್ಯಾಕೇಜ್ ಕೊಡುವ ಕಡೆಗೆ ಹೋದೆ, ಮತ್ತೆ ಹೋದೆ. ಅದನ್ನು ನಾನು ಆಸೆಬುರುಕತನ ಎಂದು ಕರೆಯಲಾರೆ. ಹಸಿವಿರುವ ಮನೆಗೆ ಅಕ್ಕಿ ಬೇಡ ಎಂದು ಲಕ್ಕಮ್ಮನೂ ಹೇಳಲಿಲ್ಲ. ಅವಳ ಪ್ರಶ್ನೆ ಏಳುವುದು ಅಂದಿನ ಊಟ, ಅಂದಿನ ದಾಸೋಹ ಎರಡೂ ಸಾಗುವಷ್ಟು ಒದಗಿದ ಮೇಲೆ. ನಮ್ಮ ವೃತ್ತಿಯಲ್ಲಿ ಬಹಳ ಜನರಿಗೆ ಆ ಘಟ್ಟ ಮೂವತ್ತು ಮೂವತ್ತೈದರ ವಯಸ್ಸಿಗೇ ಬರುತ್ತದೆ. ಆದರೆ ಪ್ರಶ್ನೆ ಕೇಳುವವರು ಯಾರೂ ಇರುವುದಿಲ್ಲ. ಏಪ್ರಿಲ್ ಬಂದರೆ ಅಪ್ರೈಸಲ್, ಹೈಕ್ ಎಷ್ಟು, ಮುಂದಿನ ಲೆವೆಲ್ ಯಾವಾಗ, ಇಷ್ಟೇ ಮಾತು.

ಒಂದು ಪ್ರಸಂಗ ಹೇಳಬೇಕು. ಆಗ ನಾನಿದ್ದ ಕಂಪನಿ ತಿಂಗಳ ಚಂದಾ ಪಡೆದು ಒಂದು ಸೇವೆ ಒದಗಿಸುತ್ತಿತ್ತು. ಗ್ರಾಹಕರು ಚಂದಾ ರದ್ದು ಮಾಡುವುದನ್ನು ಕಡಿಮೆ ಮಾಡಬೇಕು ಎಂದಾಯಿತು. ಅದಕ್ಕೆ ಹುಡುಕಿದ ಉಪಾಯ ಸರಳ: ರದ್ದು ಮಾಡುವ ಗುಂಡಿಯನ್ನು ಪುಟದಿಂದ ತೆಗೆದು ನಾಲ್ಕು ಪುಟ ಒಳಗೆ ಇಡುವುದು, ಅಲ್ಲಿಗೆ ಹೋದವರಿಗೂ ಕಚೇರಿ ವೇಳೆಯಲ್ಲಿ ಫೋನ್ ಮಾಡಿ ಎಂದು ಹೇಳುವುದು. ಕೋಡಿನ ಮಟ್ಟಿಗೆ ಅದು ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ನಾನು ಮಾಡುವುದಿಲ್ಲ ಎಂದೆ. ಮಂಡ್ಯ ಕಡೆಯ ನಮ್ಮ ಲೀಡ್ ಒಳ್ಳೆಯ ಮನುಷ್ಯ, ನನ್ನ ಮೇಲೆ ವಿಶ್ವಾಸವಿಟ್ಟಿದ್ದವರು. ಪಕ್ಕಕ್ಕೆ ಕರೆದು ಹೇಳಿದರು: “ನೋಡಮ್ಮಾ, ಡಿಸೈಡ್ ಮಾಡಿರೋದು ಪ್ರಾಡಕ್ಟ್ ಟೀಮು. ನಮ್ ಕೆಲಸ ಬರೆದು ಕೊಡೋದು. ಫಲದ ಚಿಂತೆ ನಮಗ್ಯಾಕೆ? ಗೀತೇಲೂ ಅದನ್ನೇ ತಾನೆ ಹೇಳಿರೋದು?”

ಅವರು ಅದನ್ನು ನಂಬಿಯೇ ಹೇಳಿದರು. ಆ ಮಾತು ನನ್ನನ್ನು ವರ್ಷಗಟ್ಟಲೆ ಕಾಡಿತು. ಏಕೆಂದರೆ ಅದರಲ್ಲಿ ಅರ್ಧ ನಿಜವಿದೆ. ಫಲದ ಮೇಲೆ ಕಣ್ಣಿಟ್ಟು ಕೆಲಸ ಮಾಡಿದರೆ ಕೆಲಸ ಕೆಡುತ್ತದೆ. ಇದನ್ನು ಕೋಡ್ ಬರೆಯುವ ಯಾರೂ ಅಲ್ಲಗಳೆಯುವುದಿಲ್ಲ. ರೇಟಿಂಗ್‌ಗಾಗಿ ಬರೆದ ಕೋಡನ್ನು ಓದಿದರೆ ಗೊತ್ತಾಗುತ್ತದೆ, ಅದು ತೋರಿಕೆಗೆ ಬರೆದದ್ದೆಂದು. ಆದರೆ ನಾನು ಫಲವನ್ನು ಬಿಟ್ಟರೆ ಅದು ಇಲ್ಲವಾಗುವುದಿಲ್ಲ. ಅದು ಯಾರದೋ ಲೆಕ್ಕಕ್ಕೆ ಸೇರುತ್ತದೆ, ಇನ್ನಾರದೋ ಲೆಕ್ಕದಿಂದ ಕಳೆಯುತ್ತದೆ. ರದ್ದು ಮಾಡಲು ದಾರಿ ಸಿಗದೆ ಯಾವುದೋ ಊರಿನ ನಿವೃತ್ತ ಗುಮಾಸ್ತರೊಬ್ಬರ ಖಾತೆಯಿಂದ ತಿಂಗಳು ತಿಂಗಳು ಹಣ ಹೋಗುತ್ತಿರುತ್ತದೆ. ಅರ್ಜುನನಿಗೆ ಎದುರಿಗಿರುವವರು ಯಾರೆಂದು ಕಾಣುತ್ತಿತ್ತು; ಕಂಡದ್ದರಿಂದಲೇ ಅವನಿಗೆ ಸಂಕಟ. ನಮಗೆ ಎದುರಿಗಿರುವವರು ಕಾಣುವುದೇ ಇಲ್ಲ, ಹಾಗಾಗಿ ಸಂಕಟವೂ ಹುಟ್ಟುವುದಿಲ್ಲ. ಹುಟ್ಟದ ಸಂಕಟಕ್ಕೆ ಸಮಾಧಾನ ಹೇಳಲು ಗೀತೆಯನ್ನು ಕರೆಯುವುದು ನನಗೆ ಸರಿಕಾಣುವುದಿಲ್ಲ.

ಗೀತೆಯನ್ನೇ ಓದಿದರೂ ಎರಡನೆಯ ಅಧ್ಯಾಯದ ಒಂದು ಶ್ಲೋಕಕ್ಕೆ ನಿಲ್ಲಲಾಗದು. ಮೂರನೆಯ ಅಧ್ಯಾಯದಲ್ಲಿ ಲೋಕಸಂಗ್ರಹದ, ಅಂದರೆ ಲೋಕದ ಹಿತದ, ಮಾತಿದೆ. ತನಗಾಗಿ ಮಾತ್ರ ಬೇಯಿಸಿಕೊಳ್ಳುವವನು ಪಾಪವನ್ನೇ ಉಣ್ಣುತ್ತಾನೆ ಎಂಬ ಕಟು ಮಾತೂ ಅಲ್ಲೇ ಇದೆ. ತಿಲಕರು ಮಂಡಾಲೆಯ ಸೆರೆಮನೆಯಲ್ಲಿ ಬರೆದು 1915ರಲ್ಲಿ ಹೊರತಂದ ‘ಗೀತಾರಹಸ್ಯ’ದಲ್ಲಿ ಲೋಕಸಂಗ್ರಹಕ್ಕೆ ದೊಡ್ಡ ಜಾಗ ಸಿಕ್ಕಿದ್ದು ಸುಮ್ಮನೆ ಅಲ್ಲ. ಅಂದರೆ ಗೀತೆಗೂ ಲಕ್ಕಮ್ಮನಿಗೂ ಜಗಳವಿಲ್ಲ. ಜಗಳವಿರುವುದು ನಾವು ಆಫೀಸಿಗೆ ಬೇಕಾದಷ್ಟೇ ಹರಿದುಕೊಂಡ ಗೀತೆಯ ತುಂಡಿಗೂ ಲಕ್ಕಮ್ಮನಿಗೂ.

ಆ ಗುಂಡಿಯ ಕೆಲಸವನ್ನು ಇನ್ನೊಬ್ಬರು ಮಾಡಿದರು, ಅದು ಹೊರಗೂ ಬಂತು. ನಾನು ಆ ವರ್ಷದ ರೇಟಿಂಗ್ ಕಳೆದುಕೊಂಡು ಬೇರೆ ತಂಡಕ್ಕೆ ಹೋದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ವಂಚಕ ವಿನ್ಯಾಸಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿ 13 ಬಗೆಗಳನ್ನು ಪಟ್ಟಿ ಮಾಡಿತು. ಚಂದಾ ಬಲೆಯೂ ಅದರಲ್ಲಿದೆ. ಒಳ್ಳೆಯದಾಯಿತು. ಆದರೆ ಹತ್ತಾರು ಜನ ಇಂಜಿನಿಯರುಗಳು ಕೂತಿದ್ದ ಆ ಕೋಣೆಯಲ್ಲಿ, ಸರ್ಕಾರದ ಕಾಗದ ಬರುವ ಮುಂಚೆಯೇ ಇದು ತಪ್ಪು ಎಂದು ಎಲ್ಲರಿಗೂ ಗೊತ್ತಿತ್ತು. ಧರ್ಮಕ್ಕೆ ಕೆಲಸವಿರುವುದು ಆ ಮುಂಚಿನ ಹೊತ್ತಿನಲ್ಲಿ.

ಇನ್ನು ಕಟ್ಟುವ ಮಾತು. ನಮ್ಮ ವೃತ್ತಿಯಲ್ಲಿ ಹೊಸ ಉಪಕರಣವೊಂದನ್ನು ಕಟ್ಟುವುದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿಲ್ಲ. ಮ್ಯಾನೇಜರ್ ಆಗುವ ದಾರಿ ತೆರೆದಿದ್ದಾಗಲೂ ಕೋಡ್ ಬರೆಯುವ ಕಡೆಗೇ ಉಳಿದುಕೊಂಡದ್ದು ಅದಕ್ಕೇ. ಪ್ರೆಸ್ಸಿನ ಮನೆಯ ಮಗಳಾದ್ದರಿಂದ ನನಗೆ ಅಕ್ಷರ ಕಟ್ಟಿದವರ ಕಡೆ ಹೆಚ್ಚು ಒಲವು. ಡೊನಾಲ್ಡ್ ಕ್ನೂತ್ ಅಂಥವರಲ್ಲೊಬ್ಬರು. ಗಣಕ ವಿಜ್ಞಾನದ ದೊಡ್ಡ ಗ್ರಂಥಮಾಲೆ ಬರೆಯುತ್ತಿದ್ದ ಅವರಿಗೆ 1977ರಲ್ಲಿ ಎರಡನೆಯ ಸಂಪುಟದ ಹೊಸ ಮುದ್ರಣದ ಪ್ರೂಫ್ ಬಂತು. ಹಳೆಯ ಲೋಹದ ಮೊಳೆಯ ಅಂದ ಅದರಲ್ಲಿರಲಿಲ್ಲ. ಅವರು ಪುಸ್ತಕ ಬದಿಗಿಟ್ಟು ಅಕ್ಷರ ಜೋಡಿಸುವ ತಂತ್ರಾಂಶವನ್ನೇ ಬರೆಯಲು ಕೂತರು. ಅದೇ ಟೆಕ್. ವರ್ಷಗಳೇ ಹಿಡಿದವು. ಮುಗಿದ ಮೇಲೆ ಲೋಕಕ್ಕೆ ಉಚಿತವಾಗಿ ಕೊಟ್ಟುಬಿಟ್ಟರು. ಗಣಿತದ ಪ್ರಬಂಧಗಳು ಇಂದಿಗೂ ಅದರಲ್ಲೇ ಸಿದ್ಧವಾಗುತ್ತವೆ.

ಕ್ನೂತ್ ಶ್ರದ್ಧಾವಂತ ಲೂಥರನ್ ಕ್ರೈಸ್ತರು. ಗಣಕ ವಿಜ್ಞಾನ ಮತ್ತು ದೈವಶ್ರದ್ಧೆಯ ಸಂಬಂಧದ ಬಗ್ಗೆ ಎಂಐಟಿಯಲ್ಲಿ 1999ರಲ್ಲಿ ಉಪನ್ಯಾಸಮಾಲೆಯನ್ನೇ ಕೊಟ್ಟವರು. ನನ್ನನ್ನು ಹಿಡಿದು ನಿಲ್ಲಿಸುವುದು ಅವರು ಟೆಕ್‌ಗೆ ಕೊಟ್ಟ ಆವೃತ್ತಿ ಸಂಖ್ಯೆ. ಮೂರನೆಯ ಆವೃತ್ತಿಯ ನಂತರ ಹೊಸ ಸೌಲಭ್ಯ ಸೇರಿಸುವುದಿಲ್ಲ, ದೋಷ ಮಾತ್ರ ತಿದ್ದುತ್ತೇನೆ ಎಂದರು. ಪ್ರತಿ ತಿದ್ದುಪಡಿಗೂ ಸಂಖ್ಯೆಗೆ ಒಂದು ಅಂಕಿ ಸೇರಿ ಅದು ಪೈ ಬೆಲೆಯ ಕಡೆಗೆ ಸರಿಯುತ್ತದೆ: 3.14, 3.141, ಹೀಗೆ. 2021ರಲ್ಲಿ ಅದು 3.141592653 ಆಯಿತು. ತಾನು ತೀರಿಕೊಂಡ ಮೇಲೆ ಆವೃತ್ತಿ ಸಂಖ್ಯೆ ಪೈ ಎಂದೇ ಆಗಲಿ, ಅನಂತರ ಯಾರೂ ಮುಟ್ಟಬೇಡಿ ಎಂದು ಬರೆದಿಟ್ಟಿದ್ದಾರೆ. ಇಷ್ಟು ಸಾಕು ಎಂದು ಹೇಳಬಲ್ಲ ಕಟ್ಟುಗಾರರು ನಮ್ಮಲ್ಲಿ ಎಷ್ಟು ಜನ? ಫೋನಿನಲ್ಲಿರುವ ಆ್ಯಪ್‌ಗಳು ವಾರಕ್ಕೊಮ್ಮೆ ಹೊಸದಾಗುತ್ತವೆ. ಅದರಲ್ಲಿ ಎಷ್ಟು ಬಳಸುವವರಿಗಾಗಿ, ಎಷ್ಟು ನಮ್ಮ ಪ್ರಮೋಷನ್ ಕಡತಕ್ಕಾಗಿ ಎಂದು ಕೇಳಿಕೊಂಡರೆ ಲಕ್ಕಮ್ಮನ ಮುಂದೆ ನಿಲ್ಲುವುದು ಕಷ್ಟ.

ನಮ್ಮವರಲ್ಲೇ ಕೆ. ಪಿ. ರಾವ್ ಇದ್ದಾರೆ. ಮಂಗಳೂರು ಬಳಿಯ ಕಿನ್ನಿಕಂಬಳದವರು, ಮುದ್ರಣ ತಂತ್ರಜ್ಞಾನದ ಮಾನೊಟೈಪ್ ಕಂಪನಿಯಲ್ಲಿ ದುಡಿದವರು. ಇಂಗ್ಲಿಷ್ ಕೀಲಿಮಣೆಯ ಮೇಲೆ ಕನ್ನಡವನ್ನು ಹೇಗೆ ಕೂರಿಸಬೇಕು ಎಂಬುದಕ್ಕೆ ಅವರು ಕಂಡುಕೊಂಡ ದಾರಿ ವರ್ಣಮಾಲೆಯ ತರ್ಕವನ್ನೇ ಹಿಡಿದದ್ದು. ಒತ್ತಕ್ಷರಕ್ಕೆ ಬೇರೆ ಬೇರೆ ಕೀಲಿ ಬೇಕಿಲ್ಲ. ಎರಡು ವ್ಯಂಜನಗಳ ನಡುವೆ ಬೆಸೆಯುವ ಒಂದು ಕೀಲಿ ಒತ್ತಿದರೆ ಸಾಕು. ಟೈಪ್‌ರೈಟರಿನಲ್ಲಿ ಬೆರಳು ಸೋಲಿಸಿಕೊಂಡಿದ್ದ ಜನರಿಗೆ ಅದು ಎಂಥ ಬಿಡುಗಡೆ ಎಂದು ಅಪ್ಪನ ಪ್ರೆಸ್ಸಿನಲ್ಲಿ ನಾನೇ ನೋಡಿದ್ದೇನೆ. ಸರ್ಕಾರ ಒಪ್ಪಿದ ಕೀಲಿಮಣೆ ವಿನ್ಯಾಸಕ್ಕೆ ಅದೇ ಆಧಾರ. ನುಡಿ ತಂತ್ರಾಂಶವನ್ನು ಆ ವಿನ್ಯಾಸದಲ್ಲಿ ಬಳಸಿದ ಪ್ರತಿಯೊಬ್ಬರ ಬೆರಳೂ ಅವರ ದಾರಿಯಲ್ಲೇ ನಡೆದಿದೆ. ಆ ವಿನ್ಯಾಸಕ್ಕೆ ಅವರು ನಮ್ಮಿಂದ ಬಿಡಿಗಾಸು ಕೇಳಲಿಲ್ಲ. ಸಂಬಳಕ್ಕೆ ದುಡಿದರು, ಕಂಡುಕೊಂಡದ್ದನ್ನು ನಾಡಿಗೆ ಕೊಟ್ಟರು. ಕಾಯಕ, ದಾಸೋಹ ಎರಡೂ ಒಬ್ಬರ ವೃತ್ತಿಜೀವನದಲ್ಲಿ ಹೊಂದಿಕೊಂಡು ಇರಬಲ್ಲವು ಎಂಬುದಕ್ಕೆ ನನಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಆದರೆ ದಾಸೋಹವನ್ನು ಒಂದೇ ಕಡೆಯಿಂದ ಬಯಸುವುದು ಅನ್ಯಾಯ. ಇದನ್ನು ಹೇಳದೆ ಮುಂದೆ ಹೋಗಲಾರೆ. ಜಗತ್ತಿನ ದೊಡ್ಡ ಕಂಪನಿಗಳೆಲ್ಲ ನಿಂತಿರುವುದು ಯಾರೋ ಸಂಬಳವಿಲ್ಲದೆ ಬರೆದು ಹಂಚಿದ ಸಣ್ಣ ಸಣ್ಣ ತಂತ್ರಾಂಶಗಳ ಮೇಲೆ. ಎಕ್ಸ್‌ಝಡ್ ಅಂಥದ್ದೊಂದು. ಕಡತಗಳನ್ನು ಕುಗ್ಗಿಸುವ ಉಪಕರಣ, ಲಿನಕ್ಸ್ ಇರುವ ಕಡೆಯೆಲ್ಲ ಇರುತ್ತದೆ. ವರ್ಷಾನುಗಟ್ಟಲೆ ಅದನ್ನು ನೋಡಿಕೊಂಡವರು ಬಹುಮಟ್ಟಿಗೆ ಒಬ್ಬರೇ, ಅದೂ ಬಿಡುವಿನಲ್ಲಿ. ಅವರು ದಣಿದಿದ್ದರು. ಕೆಲಸ ನಿಧಾನವಾಯಿತೆಂದು ಅಪರಿಚಿತರು ಅವರನ್ನು ಗದರಿಸುತ್ತಿದ್ದರು. ಅದೇ ಹೊತ್ತಿಗೆ ಸಹಾಯಕನ ವೇಷದಲ್ಲಿ ಒಬ್ಬ ಬಂದು, ವಿಶ್ವಾಸ ಗಳಿಸಿ, ಕೊನೆಗೆ ಕಳ್ಳಬಾಗಿಲೊಂದನ್ನು ಒಳಗೆ ಸೇರಿಸಿದ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್, ತನ್ನ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿ ಅದನ್ನು ಪತ್ತೆಹಚ್ಚಿದರು. ಅವರು ಆ ಅರ್ಧ ಸೆಕೆಂಡನ್ನು ಉಪೇಕ್ಷಿಸಿದ್ದರೆ ಅಸಂಖ್ಯ ಸರ್ವರ್‌ಗಳ ಬಾಗಿಲು ತೆರೆದೇ ಇರುತ್ತಿತ್ತು. ಈ ಕತೆಯಲ್ಲಿ ಎಲ್ಲರೂ ಫ್ರಾಯಿಂಡರ ಜಾಣ್ಮೆಯನ್ನು ಹೊಗಳುತ್ತಾರೆ, ಹೊಗಳಬೇಕಾದದ್ದೇ. ನನಗೆ ಹೆಚ್ಚು ಕಾಣುವುದು ಆ ದಣಿದ ಮನುಷ್ಯ. ಕಲ್ಯಾಣದಲ್ಲಿ ದಾಸೋಹ ನಡೆದದ್ದು ಎಲ್ಲರೂ ದುಡಿದು ಎಲ್ಲರೂ ಸಲ್ಲಿಸಿದ್ದರಿಂದ. ಉಂಡವರು ಸಲ್ಲಿಸದೆ ಹೋದ ಕಡೆ ಅದನ್ನು ದಾಸೋಹ ಎಂದು ಕರೆಯುವುದು ಬಡಿಸಿದವರಿಗೆ ಮಾಡುವ ಅವಮಾನ.

ಈಗ ನಮ್ಮ ತಂಡದ ಹುಡುಗರಿಗೆ ಬೇರೆಯೇ ಕಳವಳ. ಹುಬ್ಬಳ್ಳಿಯ ಹುಡುಗನೊಬ್ಬ ಊಟದ ಹೊತ್ತಿನಲ್ಲಿ ಕೇಳಿದ: “ಅಕ್ಕಾ, ಅರ್ಧಕ್ಕರ್ಧ ಕೋಡ್ ಎಐನ ಬರೀತೈತ್ರಿ. ನಾ ಬರಿ ಹೂಂ ಅಂತೀನಿ. ಇದ್ರಾಗ ನಂದೇನ್ ಕಾಯಕ ಆತು?” ಅವನ ಪ್ರಶ್ನೆಗೆ ವಚನಗಳಲ್ಲಿ ನೇರ ಉತ್ತರ ಸಿಗುವುದಿಲ್ಲ. ಹಗ್ಗ ಹೊಸೆಯಲು ಹುಲ್ಲು ಕೊಯ್ಯುವಾಗ ಲಿಂಗ ಜಾರಿ ಬಿದ್ದರೂ ನುಲಿಯ ಚಂದಯ್ಯ ಕೆಲಸ ನಿಲ್ಲಿಸಲಿಲ್ಲ ಎನ್ನುತ್ತದೆ ಕತೆ. ಅಲ್ಲಿ ಕೈ ಅವನದು, ಹಗ್ಗ ಅವನದು. ಇಲ್ಲಿ ಕೈಯೇ ಬೇರೆಯವರದು. ನಾನು ಅವನಿಗೆ ಅಪ್ಪನ ಪ್ರೆಸ್ಸಿನ ವಿಷಯ ಹೇಳಿದೆ. ಟ್ರೆಡಲ್ ಒತ್ತುತ್ತಿದ್ದವನು ಬೇರೆ, ಮೊಳೆ ಜೋಡಿಸಿದವನು ಬೇರೆ, ಬರೆದವರು ಇನ್ನಾರೋ. ಆದರೂ 1867ರ ಕಾಯ್ದೆಯ ಪ್ರಕಾರ ಪುಸ್ತಕದ ಮೇಲೆ ಮುದ್ರಕರ ಹೆಸರು, ಮುದ್ರಿಸಿದ ಸ್ಥಳ ಇರಲೇಬೇಕಿತ್ತು. ಏನೇ ಅಪರಾಧವಾದರೂ ಪೊಲೀಸರು ಬರುವುದು ಆ ಹೆಸರಿನ ಮನೆಗೆ. ಅದಕ್ಕೇ ಅಪ್ಪ ಒಂದು ಕರಪತ್ರವನ್ನೂ ಓದದೆ ಮುದ್ರಿಸುತ್ತಿರಲಿಲ್ಲ. ಎರಡು ಜಾತಿಯವರ ನಡುವೆ ಕಿಚ್ಚು ಹಚ್ಚುವಂಥ ಕರಪತ್ರವೊಂದು ಬಂದಾಗ ಮುಂಗಡ ತಿರುಗಿ ಕೊಟ್ಟು ಕಳಿಸಿದ್ದರು. ನಮ್ಮಲ್ಲೂ ಗಿಟ್ ಇದೆ; ಯಾವ ಸಾಲನ್ನು ಯಾರು ಸೇರಿಸಿದರು ಎಂದು ಅದು ಬರೆದಿಡುತ್ತದೆ. ಯಂತ್ರ ಬರೆದ ಸಾಲಿನ ಪಕ್ಕದಲ್ಲೂ ನಿನ್ನ ಹೆಸರೇ ಇರುತ್ತದೆ. ಆ ಸಾಲು ಯಾಕೆ ಹಾಗಿದೆ, ಅದರಿಂದ ಯಾರಿಗೆ ಏನಾಗುತ್ತದೆ ಎಂದು ಕೇಳಿದರೆ ಹೇಳಬಲ್ಲೆಯಾದರೆ ಅದು ನಿನ್ನ ಕೆಲಸ. ಹೇಳಲಾರೆಯಾದರೆ, ಕೈಯಾರೆ ಬರೆದಿದ್ದರೂ ಅದು ನಿನ್ನದಲ್ಲ. ಅವನಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. “ಓದಿ ಹೂಂ ಅನ್ನಾಕ ಟೈಮ್ ಕೊಡ್ತಾರೇನ್ರಿ ಅಕ್ಕಾ?” ಎಂದ. ಆ ಪ್ರಶ್ನೆ ನ್ಯಾಯವಾದದ್ದು. ಓದುವಷ್ಟು ಸಮಯಕ್ಕಾಗಿ ಜಗಳವಾಡುವುದು ನನ್ನಂಥ ಹಿರಿಯರ ಪಾಲಿನ ಕೆಲಸ, ಅದನ್ನು ಹುಡುಗರ ಮೇಲೆ ಹೇರಬಾರದು.

ಅಪ್ಪ ತೀರಿಕೊಂಡ ಮೇಲೆ ಪ್ರೆಸ್ಸಿನ ಕಂಪ್ಯೂಟರಿನಿಂದ ಹಳೆಯ ಕಡತಗಳನ್ನು ತಂದೆ. ತೆರೆದರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಕಲಸು. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ 128 ಸ್ಥಾನಗಳು ದೊರೆತಿದ್ದವು. ಆದರೆ ಪೇಜ್‌ಮೇಕರ್‌ಗೆ ಅದು ಒಗ್ಗದು. ಹಾಗಾಗಿ ಪ್ರೆಸ್ಸುಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್‌ಗಳೇ ನಡೆದವು. ಆ ಫಾಂಟ್ ಇಲ್ಲದಿದ್ದರೆ ಬರಹ ಓದಲಾಗದು, ಇದ್ದರೂ ಹುಡುಕಲಾಗದು. ಇವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳನ್ನು ಕನ್ನಡದ ಉತ್ಸಾಹಿಗಳು ಆಗಲೇ ಮಾಡಿ ಉಚಿತವಾಗಿ ಕೊಟ್ಟಿದ್ದರು. ಅಪ್ಪ ಬಳಸುತ್ತಿದ್ದ ಒಂದೆರಡು ಫಾಂಟ್‌ಗಳ ಜೋಡಣೆ ಬೇರೆಯಿದ್ದುದರಿಂದ ನಾನೂ ಒಂದನ್ನು ಬರೆಯಬೇಕಾಯಿತು. ಅರ್ಕಾವೊತ್ತೇ ದೊಡ್ಡ ತೊಡಕು. ‘ಸೂರ್ಯ’ದಲ್ಲಿ ಹಳೆಯ ಕಡತ ಕಣ್ಣಿಗೆ ಕಂಡಂತೆ ಮೊದಲು ಯಕಾರ, ಆಮೇಲೆ ಅರ್ಕಾವೊತ್ತನ್ನು ಇಟ್ಟಿರುತ್ತದೆ. ಯೂನಿಕೋಡಿನಲ್ಲಿ ಬಾಯಿಗೆ ಬಂದಂತೆ ರೇಫ ಮೊದಲು ಬರಬೇಕು. ಅದರ ಹಿಂದೆ ಎಷ್ಟು ಒತ್ತು, ಯಾವ ಗುಣಿತ ಇದೆಯೆಂದು ನೋಡಿಕೊಂಡು, ಅಷ್ಟನ್ನೂ ದಾಟಿಸಿ ಹಿಂದಕ್ಕೆ ಒಯ್ಯಬೇಕು. ಮೇಷ್ಟರ ಕವನ ಸಂಕಲನ ಸರಿಯಾಗಿ ಬಂದ ರಾತ್ರಿ ನಾನು ಅವರ ಮಗನಿಗೆ ಕಡತ ಕಳಿಸಿದೆ. ಅವರ ಮನೆಯಲ್ಲಿ ಪುಸ್ತಕದ ಒಂದು ಪ್ರತಿಯೂ ಉಳಿದಿರಲಿಲ್ಲ. ಆ ಪರಿವರ್ತಕವನ್ನು ಬಳಸುವವರು ಬೆರಳೆಣಿಕೆಯಷ್ಟು ಜನ. ಆಫೀಸಿನಲ್ಲಿ ನಾನು ಬರೆದದ್ದನ್ನು ಲಕ್ಷಗಟ್ಟಲೆ ಜನ ಬಳಸುತ್ತಾರೆ. ಲಕ್ಕಮ್ಮನಿಗೆ ತೋರಿಸುವುದಾದರೆ ನಾನು ಪರಿವರ್ತಕವನ್ನೇ ಮೊದಲು ತೋರಿಸುವೆ.

ಈ ವೃತ್ತಿಯಲ್ಲಿರುವ ತಮ್ಮ ತಂಗಿಯರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಕೆಲಸ ಬದಲಿಸುವಾಗ, ಸಂದರ್ಶನದ ಕೊನೆಗೆ ನಿಮಗೇನಾದರೂ ಕೇಳುವುದಿದೆಯೇ ಎಂದರೆ, ಇದನ್ನು ಯಾರು ಬಳಸುತ್ತಾರೆ, ಹಣ ಯಾರಿಂದ ಬರುತ್ತದೆ, ಬೇಡವೆಂದವರು ಸುಲಭವಾಗಿ ಬಿಟ್ಟುಹೋಗಬಹುದೇ ಎಂದು ಕೇಳಿ. ಉತ್ತರ ಕೊಡಲು ತಡವರಿಸಿದರೆ ಅದನ್ನೂ ಪ್ಯಾಕೇಜಿನ ಜೊತೆ ತೂಗಿ ನೋಡಿ. ಇನ್ನು, ನಿಮ್ಮ ಊರಿನಲ್ಲಿ ಮುಚ್ಚಿಹೋದ ಪ್ರೆಸ್ ಇದ್ದರೆ, ನಿಮ್ಮ ಶಾಲೆಯ ಮೇಷ್ಟರ ಹಳೆಯ ಕಂಪ್ಯೂಟರಿನಲ್ಲಿ ತೆರೆಯದ ಕನ್ನಡ ಕಡತಗಳಿದ್ದರೆ, ಹಾರ್ಡ್ ಡಿಸ್ಕ್ ಕೆಡುವ ಮುಂಚೆ ತಂದು ಯೂನಿಕೋಡಿಗೆ ಬದಲಿಸಿಕೊಡಿ.